ತಿಳೀವಲ್ದು ಎಂಬ ಉತ್ತರ

ಎಂ.ಡಿ. ಮಾಡುತ್ತಿರುವ ಹುಡುಗ ಹುಡುಗಿಯರು ಈಗಲೂ ಶಿವಬಸವ ನಗರದ ನಮ್ಮ ಮನೆಗೆ ಬರುತ್ತಾರೆ. ಪರೀಕ್ಷೆ ಹತ್ತಿರವಾದಾಗ ಬರುವವರೇ ಹೆಚ್ಚು. ಚಹಾ ಕುಡಿಯುತ್ತ ಎಲ್ಲರೂ ಕೇಳುವುದು ಒಂದೇ: "ಸರ್, ಎಕ್ಸಾಮಿನರ್ ಏನ್ ನೋಡ್ತಾರ್ರಿ?" ಪಾಸಾದ ಮೇಲೆ ತಮಗೇನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ. ಪಾಸು ಮಾಡಿದ ಮೇಲೆ ಪರೀಕ್ಷಕನಿಗೆ ಏನಾಗುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಿವೃತ್ತನಾದವನಿಗೆ ಅಷ್ಟು ಸ್ವಾತಂತ್ರ್ಯ ಇರಬೇಕು.

ನಾನು ಬೆಳಗಾವಿಯಲ್ಲಿ ಫಿಜಿಶಿಯನ್ ಆಗಿ, ಒಂದು ವೈದ್ಯಕೀಯ ಕಾಲೇಜಿನಲ್ಲಿ ಮೇಷ್ಟ್ರಾಗಿ ದುಡಿದವನು. ಶಸ್ತ್ರಚಿಕಿತ್ಸೆ ಮಾಡುವವರಿಗೆ ಕತ್ತರಿಸಲು ಏನಾದರೂ ಸಿಗುತ್ತದೆ. ನಮ್ಮದು ಹಾಗಲ್ಲ. ಜ್ವರ, ದಮ್ಮು, ಸುಸ್ತು, ಎದೆನೋವು ಎಂದು ಬಂದವರ ಮಾತು ಕೇಳಿ, ಮೈ ಮುಟ್ಟಿ ನೋಡಿ, ಒಳಗೆ ಏನು ಕೆಟ್ಟಿದೆ ಎಂದು ಹೊರಗಿನಿಂದ ಹೇಳುವ ಕೆಲಸ. ಹೀಗೆ ಹೇಳಲು ಯಾರಿಗೆ ಅರ್ಹತೆ ಇದೆ, ಯಾರಿಗಿಲ್ಲ ಎಂದು ತೀರ್ಮಾನಿಸುವ ಕುರ್ಚಿಯಲ್ಲೂ ಬಹಳ ವರ್ಷ ಕೂತೆ. ಹುಟ್ಟಾ ಕಾಳಜಿಯ ಮನುಷ್ಯ ನಾನು. ಮನೆಯಿಂದ ಹೊರಟು ಬೀದಿ ತುದಿ ಮುಟ್ಟುವುದರೊಳಗೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಹಿಂತಿರುಗುವವನು. ಅಂಥವನನ್ನು ಆ ಕುರ್ಚಿಯಲ್ಲಿ ಕೂರಿಸಬಾರದಿತ್ತು ಎಂದು ನನ್ನ ಹೆಂಡತಿ ಶಾಂತಾ ಹೇಳುತ್ತಾಳೆ.

ನಮ್ಮ ಕಾಲದಲ್ಲಿ ಪರೀಕ್ಷೆ ಎಂದರೆ ನಿಜವಾದ ರೋಗಿ. ಅಭ್ಯರ್ಥಿಗೆ ಒಬ್ಬ ರೋಗಿಯನ್ನು ಕೊಟ್ಟು ಒಂದು ತಾಸು ಬಿಡುತ್ತಿದ್ದೆವು. ಆಮೇಲೆ ನಾಲ್ವರು ಪರೀಕ್ಷಕರು, ಇಬ್ಬರು ನಮ್ಮವರು, ಇಬ್ಬರು ಹೊರಗಿನವರು, ಮೇಜಿನ ಹಿಂದೆ ಸಾಲಾಗಿ ಕೂರುತ್ತಿದ್ದೆವು. ಅಭ್ಯರ್ಥಿ ರೋಗಿಯ ಮಂಚಕ್ಕೆ ಬೆನ್ನು ಮಾಡಿ, ನಮಗೆ ಮುಖ ಕೊಟ್ಟು ನಿಂತು, ರೋಗ ಇಂಥದ್ದು ಎಂದು ಹೇಳಬೇಕು. ಈಗ ಗಂಟೆ ಬಾರಿಸಿದರೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡುವ ಪದ್ಧತಿಯೂ ಬಂದಿದೆ. ಅದರಲ್ಲಿ ಅನ್ಯಾಯ ಕಡಿಮೆ ಎನ್ನುತ್ತಾರೆ, ಇರಬಹುದು. ನನಗಂತೂ ಅದನ್ನು ನೋಡಿದರೆ ಬಸ್ ನಿಲ್ದಾಣದಲ್ಲಿ ನಿಂತ ಹಾಗಾಗುತ್ತದೆ.

ನಿಜವಾದ ರೋಗಿ ಎಂದಮೇಲೆ ನಿಜವಾದ ಮಾತೂ ಇರುತ್ತಿತ್ತು. ದೂರದ ಊರಿನಿಂದ ಬಂದು ಇಲ್ಲಿ ಓದುತ್ತಿದ್ದ ಒಬ್ಬ ಹುಡುಗನಿಗೆ ಖಾನಾಪುರ ಕಡೆಯ ಮುದುಕಿಯೊಬ್ಬಳನ್ನು ಕೊಟ್ಟಿದ್ದೆವು. ಏನಾಗಿದೆ ಎಂದು ಕೇಳಿದರೆ ಆಕೆ ಮರಾಠಿಯಲ್ಲಿ, "ಅಂಗಾವರನಂ ವಾರಂ ಗೇಲಂ" ಎಂದಳು. ವಾರಂ ಎಂದರೆ ಗಾಳಿ. ಮೈಮೇಲಿಂದ ಗಾಳಿ ಹಾದುಹೋಯಿತು ಎಂದರೆ ಆ ಕಡೆಯವರಿಗೆ ಲಕ್ವಾ ಹೊಡೆಯಿತು ಎಂದರ್ಥ. ಹುಡುಗ ಗಾಳಿಯನ್ನಷ್ಟೇ ಹಿಡಿದುಕೊಂಡ. ತಾಸು ಪೂರ್ತಿ ಮುದುಕಿಯ ಹೊಟ್ಟೆ ಒತ್ತಿ, ಬಡಿದು, ಬಂದು ನಮ್ಮೆದುರು ಹೊಟ್ಟೆಯುಬ್ಬರದ ಬಗ್ಗೆ ನಿರರ್ಗಳವಾಗಿ ಭಾಷಣ ಮಾಡಿದ. ಆಕೆಯ ಜೋತುಬಿದ್ದ ಬಲಗೈ ಅವನ ಬೆನ್ನ ಹಿಂದೆ ಇತ್ತು. ನಮ್ಮಲ್ಲಿ ಒಬ್ಬರು ನಗು ಅಡಗಿಸಲು ಕೆಮ್ಮಿದರು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ಧೈರ್ಯವಾಗಿ ತಪ್ಪು ಹೇಳುವ ಹುಡುಗ ನಾಳೆ ಯಾರ ಮನೆಯ ಮುಂದೆ ಬೋರ್ಡು ಹಾಕುತ್ತಾನೋ ಎಂದೇ ಯೋಚಿಸುತ್ತಿದ್ದೆ. ಅವನು ಆ ಸಲ ಫೇಲಾದ. ಮುಂದಿನ ಸಲ ಮರಾಠಿ ಕಲಿತು ಬಂದು ಪಾಸಾದ.

ನನ್ನ ಮೇಲಿದ್ದವರು ಮುಲ್ಲಾ ಸರ್. ವಿಭಾಗದ ಮುಖ್ಯಸ್ಥರು, ಹಳೇ ಬೆಳಗಾವಿಯ ಮನೆತನ. ಮನೆಯಲ್ಲಿ ದಖನಿ, ವಾರ್ಡಿನಲ್ಲಿ ಕನ್ನಡ, ಸಿಟ್ಟು ಬಂದಾಗ ಇಂಗ್ಲಿಷು. ಅವರ ಒಂದು ಪಾಠವನ್ನು ಇಲ್ಲಿ ಹೇಳಲೇಬೇಕು, ಮುಂದೆ ಅದು ಬರುತ್ತದೆ. ಒಂದು ವರ್ಷ ಪರೀಕ್ಷೆಗೆ ಹಿಂಡಲಗಾ ಜೈಲಿನಿಂದ ಒಬ್ಬ ಕೈದಿಯನ್ನು ಕರೆಸಿದ್ದೆವು. ಜೊತೆಗೆ ಬಂದ ಪೊಲೀಸ್ ಪೇದೆ ಬಹಳ ನಿಷ್ಠಾವಂತ. ಮಂಚದ ಬದಿಯಲ್ಲಿ ಸ್ಟೂಲ್ ಹಾಕಿಕೊಂಡು ಕೈದಿಯ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದ. ಅಭ್ಯರ್ಥಿ ಸಂಕೋಚದ ಹುಡುಗ. ಬಲಗೈಯ ನಾಡಿ ನೋಡಿದ, ಬಲಗೈಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದ, ಎಲ್ಲ ಸರಿಯಿದೆ ಎಂದ. ಮುಲ್ಲಾ ಸರ್ ಎದ್ದುಹೋಗಿ ಪೇದೆಯ ಮುಂದೆ ನಿಂತರು.

"ಕೈ ಬಿಡ್ರಿ ಸಾಹೇಬ್ರ."

"ಓಡಿ ಹೋದ್ರ ಯಾರ್ ಜವಾಬ್ದಾರಿ ಸರ್?"

"ಎರಡು ಹೆಜ್ಜಿ ನಡದ್ರ ದಮ್ಮ ಹತ್ತತೈತಿ ಅವಗ. ಎಲ್ಲಿಗಿ ಓಡ್ತಾನ? ಬಿಡ್ರಿ."

ಪೇದೆ ಬಿಟ್ಟ. ಆ ಎಡಗೈಯಲ್ಲಿ ನಾಡಿ ಸಿಗುವುದೇ ಕಷ್ಟವಾಗಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದಲ್ಲೇ ದೋಷವಿತ್ತು. ಮುಲ್ಲಾ ಸರ್ ಅಭ್ಯರ್ಥಿಗೆ ಏನೂ ಅನ್ನಲಿಲ್ಲ. ಹಿಂದೆ ನಿಂತಿದ್ದ ಕಿರಿಯರ ಕಡೆ ತಿರುಗಿ, "ಮನಶಾಗ ಎರಡ ಕೈ ಅದಾವ. ಎರಡೂ ಹಿಡೀರಿ" ಎಂದರು. ಆ ಕಿರಿಯರಲ್ಲಿ ಒಬ್ಬಳು ಅಕ್ಷತಾ. ಶಹಾಪುರದವಳು. ತಂದೆಯದು ಮನೆಯಲ್ಲೇ ಪವರ್‌ಲೂಮ್. ಆ ಸದ್ದಿನಲ್ಲೇ ಓದಿದ್ದಕ್ಕೋ ಏನೋ, ಯಾವ ಗದ್ದಲದಲ್ಲೂ ಸ್ಟೆತಸ್ಕೋಪ್ ಇಟ್ಟರೆ ಅವಳಿಗೆ ಸರಿಯಾಗಿ ಕೇಳಿಸುತ್ತಿತ್ತು. ಮಾತು ಮಾತ್ರ ಬಹಳ ಕಡಿಮೆ.

ಅವಳ ಪರೀಕ್ಷೆಯ ದಿನ ಎಡವಟ್ಟಾಯಿತು. ಅವಳ ಪಾಲಿಗೆ ಬರಬೇಕಾಗಿದ್ದ ರೋಗಿ ಯಾರಿಗೂ ಹೇಳದೆ ಊರಿಗೆ ಹೋಗಿಬಿಟ್ಟಿದ್ದ. ಅವಸರದಲ್ಲಿ ವಾರ್ಡಿನಿಂದ ಇನ್ನೊಬ್ಬ ಹೆಂಗಸನ್ನು ಕೊಟ್ಟೆವು. ಬಹಳ ದಿನದ ಜ್ವರ, ಊದಿಕೊಂಡ ಗುಲ್ಮ. ಅಕ್ಷತಾ ಹೇಳಬೇಕಾದ್ದನ್ನೆಲ್ಲ ಹೇಳಿದಳು, ಕಂಡದ್ದೆಲ್ಲ ಸರಿಯಾಗಿತ್ತು. ಕೊನೆಗೆ ರೋಗ ಯಾವುದು ಎಂದಾಗ ಮೂರು ಹೆಸರು ಹೇಳಿದಳು: ಕ್ಷಯ ಇರಬಹುದು, ರಕ್ತದ ಕ್ಯಾನ್ಸರ್ ಇರಬಹುದು, ಹೃದಯದ ಕವಾಟಕ್ಕೆ ಸೋಂಕು ಹತ್ತಿರಬಹುದು.

ಹೊರಗಿನಿಂದ ಬಂದಿದ್ದ ಪರೀಕ್ಷಕರಲ್ಲಿ ಹಿರಿಯರು ರಾಜ್ಯದ ದಕ್ಷಿಣದ ಕಡೆಯವರು, ಹೆಸರುವಾಸಿ ವೈದ್ಯರು. ಅವರಿಗೆ ಮೂರು ಬೇಕಿರಲಿಲ್ಲ. "ಒಂದು ಹೇಳಿ ಡಾಕ್ಟರ್. ಕಮಿಟ್!" ಎಂದರು. ಅಕ್ಷತಾ ತುಟಿ ಒದ್ದೆ ಮಾಡಿಕೊಂಡಳು. ಅವರು ಮತ್ತೆ "ಕಮಿಟ್!" ಎಂದು ಮೇಜು ಕುಟ್ಟಿದರು. ಹುಡುಗಿಯ ಇಂಗ್ಲಿಷ್ ಆ ಕ್ಷಣದಲ್ಲಿ ಕೈಬಿಟ್ಟಿತು.

"ತಿಳೀವಲ್ದ್ರಿ ಸರ್" ಎಂದಳು.

"ಏನಂದ್ರು?" ಎಂದು ಅವರು ನಮ್ಮನ್ನು ಕೇಳಿದರು. ಮುಲ್ಲಾ ಸರ್, "ಗೊತ್ತಿಲ್ಲ ಅಂತ" ಎಂದರು.

ಅವಳನ್ನು ಹೊರಗೆ ಕಳಿಸಿ ಅಂಕದ ಮಾತು ಶುರುವಾಯಿತು. ಹಿರಿಯರು ಫೇಲ್ ಎಂದರು. ಎರಡನೆಯವರು ಹಿರಿಯರ ಮುಖ ನೋಡಿ ಫೇಲ್ ಎಂದರು. ನಾನು ಬಾಯಿಬಿಟ್ಟೆ. "ಅವಳು ಗೊತ್ತಿಲ್ಲ ಅನ್ನಲಿಲ್ಲ ಸರ್, ತಿಳೀವಲ್ದು ಅಂದಳು. ನಮ್ಮ ಕಡೆ ಎರಡೂ ಬೇರೆ. ಹುಡುಕುತ್ತಾ ಇದ್ದೇನೆ, ಇನ್ನೂ ಕೈಗೆ ಸಿಗುತ್ತಿಲ್ಲ ಅನ್ನುವುದು ಅದರ ಅರ್ಥ. ಈ ಹೆಂಗಸಿಗೆ ಏನಾಗಿದೆ ಎಂದು ವಾರ್ಡಿನಲ್ಲಿ ನಮಗೂ ಇನ್ನೂ ಖಚಿತವಾಗಿಲ್ಲ." ಹಿರಿಯರು ನಕ್ಕರು. "ಮೆಡಿಸಿನ್ ಪರೀಕ್ಷೆಯಲ್ಲಿ ವ್ಯಾಕರಣಕ್ಕೆ ಅಂಕ ಇಲ್ಲ ಡಾಕ್ಟ್ರೇ. ಜನ ನಮ್ಮ ಹತ್ರ ಅನುಮಾನ ಕೇಳೋಕೆ ಬರಲ್ಲ" ಎಂದರು. ಬಹಳ ಹೊತ್ತು ಜಗ್ಗಾಟ ನಡೆಯಿತು. ಕೊನೆಗೆ ಮುಲ್ಲಾ ಸರ್ ನನ್ನ ಕಡೆ ವಾಲಿದರು. ನಾನು ಕೊಟ್ಟ ಅಂಕದ ಮೇಲೆಯೇ ಅವಳು ಅಂಚಿನಲ್ಲಿ ಪಾಸಾದಳು.

ಎಲ್ಲರೂ ಹೋದ ಮೇಲೆ ಮುಲ್ಲಾ ಸರ್ ನನ್ನನ್ನು ಬದಿಗೆ ಕರೆದರು. "ಬಸಣ್ಣ, ನೀ ಹೇಳಿದ್ದು ಬರೋಬ್ಬರಿ ಐತಿ. ಆದ್ರ ಒಂದು ನೆಪ್ಪಿನ್ಯಾಗ ಇಟ್ಕೋ. ಸಹಿ ನಿಂದು. ನಾಳಿಗಿ ಆ ಹುಡಗಿ ಮಾಡಿದ್ದೆಲ್ಲ ನೀನ ಮಾಡಿಧಂಗ. ಇನ್ನ ಮ್ಯಾಲೆ ನಿದ್ದಿ ಬರತೈತೇನ್ ನೋಡ್ಕೋ" ಎಂದರು. ತಮಾಷೆಗೆ ಹೇಳಿದರೋ ಖರೇ ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ.

ಅಕ್ಷತಾ ಖಾನಾಪುರಕ್ಕೆ ಹೋಗಿ ಸಣ್ಣ ಆಸ್ಪತ್ರೆ ತೆರೆದಳು. ಬೆಳಗಾವಿಯಲ್ಲೇ ಇದ್ದಿದ್ದರೆ ಸುತ್ತ ಹತ್ತು ಮಂದಿ ಹಿರಿಯರಿರುತ್ತಿದ್ದರು. ಖಾನಾಪುರದಲ್ಲಿ ಅವಳೊಬ್ಬಳೇ. ಆ ಕಡೆಯ ರೋಗಿ ನನ್ನ ಬಳಿ ಬಂದು ಜೇಬಿನಿಂದ ಅವಳ ಚೀಟಿ ತೆಗೆದರೆ ಸಾಕು, ಮೊದಲು ಚೀಟಿ ಓದಿ ಆಮೇಲೆ ರೋಗಿಯನ್ನು ನೋಡುತ್ತಿದ್ದೆ. ತಪ್ಪು ಸಿಗುತ್ತಿರಲಿಲ್ಲ. ತಪ್ಪು ಸಿಗದಿದ್ದರೂ ಕಾಳಜಿ ಹೋಗುತ್ತಿರಲಿಲ್ಲ, ಮುಲ್ಲಾ ಸರ್ ಹೇಳಿದ ಹಾಗೆ ರಾತ್ರಿ ನಿದ್ದೆಯೂ ಹತ್ತುತ್ತಿರಲಿಲ್ಲ. ನನ್ನ ಕಣ್ಣಿಗೆ ಬಿದ್ದಿಲ್ಲ ಅಷ್ಟೇ ಎಂದುಕೊಳ್ಳುತ್ತಿದ್ದೆ.

ಆ ದಿನಗಳಲ್ಲೇ ಇನ್ನೊಂದು ಬದಲಾವಣೆ ಬಂತು. ವೈದ್ಯರು ತಮ್ಮ ನೋಂದಣಿ ನವೀಕರಿಸಿಕೊಳ್ಳಬೇಕಾದರೆ ಇಷ್ಟು ತಾಸು ಹೊಸ ವಿಷಯಗಳ ಉಪನ್ಯಾಸ ಕೇಳಿರಬೇಕು ಎಂಬ ನಿಯಮ. ಒಮ್ಮೆ ಪಾಸಾದವನು ಜೀವನಪೂರ್ತಿ ಪಾಸು ಎಂಬುದು ಹೋಯಿತಲ್ಲ ಎಂದು ನನಗೆ ಸಮಾಧಾನವಾಯಿತು. ನಮ್ಮ ಊರಿನ ಫಿಜಿಶಿಯನ್ನರ ಕೂಟಕ್ಕೆ ನಾನೇ ಕಾರ್ಯದರ್ಶಿಯಾದೆ. ಹೋಟೆಲಿನ ಹಾಲಿನಲ್ಲಿ ಉಪನ್ಯಾಸ. ನಮ್ಮವರು ಬಂದು ಸಹಿ ಮಾಡಿ, ಊಟದ ವಾಸನೆ ನೋಡಿ ಹೊರಟುಹೋಗಿ, ಊಟದ ಹೊತ್ತಿಗೆ ಸರಿಯಾಗಿ ಮತ್ತೆ ಬರುತ್ತಿದ್ದರು. ಸಹಿಯನ್ನು ಕೊನೆಗೆ ಇಟ್ಟೆ. ಎಲ್ಲರೂ ಕೊನೆಗೇ ಬಂದರು. ಆಮೇಲೆ ಮೊಬೈಲಿನಲ್ಲಿ ಕ್ಯೂಆರ್ ಚೌಕ ಸ್ಕ್ಯಾನ್ ಮಾಡುವ ಪದ್ಧತಿ ತಂದೆವು. ಆ ಚೌಕದ ಫೋಟೋ ತೆಗೆದು ಗೆಳೆಯರಿಗೆ ಕಳಿಸಿ, ಮನೆಯಲ್ಲಿ ಮಲಗಿಕೊಂಡೇ ಹಾಜರಿ ಹಾಕಿದ ಪುಣ್ಯಾತ್ಮರಿದ್ದಾರೆ. ಇಂಥ ಸಭೆಗಳಿಗೆ ಅಕ್ಷತಾ ಖಾನಾಪುರದಿಂದ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು. "ಆ ಹುಡಗಿ ಬಂದಾಳೇನ್ ಇಲ್ಲೇನ್ ನೋಡಾಕನ ನೀವು ಕಾರ್ಯದರ್ಶಿ ಆಗೀರಿ" ಎಂದು ಶಾಂತಾ ಕಾಡಿಸುತ್ತಿದ್ದಳು.

ನಾನು ನಿವೃತ್ತನಾದೆ. ಮುಲ್ಲಾ ಸರ್ ತೀರಿಕೊಂಡರು. ಇನ್ನು ನಿಶ್ಚಿಂತೆ ಎಂದುಕೊಳ್ಳುವಷ್ಟರಲ್ಲಿ ಒಂದು ಬೆಳಿಗ್ಗೆ ಅಕ್ಷತಾಳ ಫೋನು ಬಂತು.

"ಸರ್, ನನ್ನ ಮ್ಯಾಲೆ ಮೆಡಿಕಲ್ ಕೌನ್ಸಿಲ್‌ಗೆ ಕಂಪ್ಲೇಂಟ್ ಆಗೈತ್ರಿ."

ನಡೆದದ್ದು ಇಷ್ಟು. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಪರಶುರಾಮ ಎಂಬವನು ತನ್ನ ತಂದೆಯನ್ನು ಅವಳ ಆಸ್ಪತ್ರೆಗೆ ಕರೆತಂದಿದ್ದ. ಎದೆನೋವು, ಮೈಯೆಲ್ಲ ಬೆವರು. ಇ.ಸಿ.ಜಿ. ತೆಗೆದರೆ ಹೃದಯಾಘಾತ ಇರಬಹುದು ಎನ್ನುವಂತಿತ್ತು. ಹೃದಯಾಘಾತಕ್ಕೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಅದು ಅವಳ ಬಳಿಯೂ ಇತ್ತು. ಆದರೆ ಅವಳು ಎರಡೂ ಕೈ ಹಿಡಿದು ನೋಡಿದ್ದಳು. ಎರಡು ಕೈಗಳ ಬಿ.ಪಿ.ಯಲ್ಲಿ ಬಹಳ ಅಂತರವಿತ್ತು. ಎದೆಯ ದೊಡ್ಡ ರಕ್ತನಾಳ ಒಳಗೇ ಸೀಳಿಕೊಂಡರೆ ಹಾಗಾಗುತ್ತದೆ. ಅದಾಗಿದ್ದರೆ ಅದೇ ಇಂಜೆಕ್ಷನ್ ರೋಗಿಯನ್ನು ಕೊಲ್ಲುತ್ತದೆ. ಎರಡರಲ್ಲಿ ಯಾವುದು ಎಂದು ಹೇಳಲು ಸ್ಕ್ಯಾನ್ ಬೇಕು. ಅದು ಬೆಳಗಾವಿಯಲ್ಲಿ ಮಾತ್ರ. ನೋವಿಗೆ, ಬಿ.ಪಿ.ಗೆ ಔಷಧಿ ಕೊಟ್ಟು, ಆಂಬ್ಯುಲೆನ್ಸ್ ಕರೆಸಿ, "ನನಗ ತಿಳೀವಲ್ದು, ಲಗೂನ ಬೆಳಗಾವಿಗಿ ಒಯ್ಯರಿ" ಎಂದಿದ್ದಳು. ಬೆಳಗಾವಿಯ ಅಂಚಿನ ಪೀರನವಾಡಿ ಮುಟ್ಟುವ ಮೊದಲೇ ಜೀವ ಹೋಯಿತು. ಮನೆಯವರು ಶವಪರೀಕ್ಷೆ ಬೇಡ ಎಂದರು.

ದೂರಿನಲ್ಲಿ ಬರೆದಿದ್ದು: ಡಾಕ್ಟರು ತಮಗೇ ಗೊತ್ತಿಲ್ಲ ಎಂದರು, ಆಸ್ಪತ್ರೆಯಲ್ಲಿ ಔಷಧಿ ಇದ್ದರೂ ಕೊಡಲಿಲ್ಲ. ಇದು ನಿಜವೆಂದಾದರೆ ಅಕ್ಷತಾಳ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆಯಬಹುದಿತ್ತು. ಖಾನಾಪುರದ ಬಾಗಿಲು ಮುಚ್ಚಬೇಕು, ಓದಿದ ಓದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಕೆಲವು ದಿನಗಳಲ್ಲಿ ಕೌನ್ಸಿಲಿನಿಂದ ನನಗೂ ಪತ್ರ ಬಂತು. ತಜ್ಞನಾಗಿ ವಿಚಾರಣೆಗೆ ಬಂದು ಅಭಿಪ್ರಾಯ ಹೇಳಬೇಕಂತೆ. ಆಕೆಯನ್ನು ಪಾಸು ಮಾಡಿದವನೇ ನಾನು, ನನ್ನನ್ನು ಬಿಡಿ ಎಂದು ಉತ್ತರ ಬರೆದೆ. ಕಚೇರಿಯಿಂದ ಫೋನು ಬಂತು. "ಬೆಳಗಾವಿ ಕಡೆ ಯಾರನ್ನ ಕರೆದ್ರೂ ಒಬ್ಬರಿಗೊಬ್ಬರು ಗುರುವೋ ಶಿಷ್ಯರೋ ಆಗಿರ್ತಾರೆ ಸಾರ್. ಈ ವಿಷಯ ನಮಗೆ ತಿಳಿಸಿದ್ದೀರಿ, ಅಷ್ಟು ಸಾಕು. ಬನ್ನಿ" ಎಂದರು.

ಹೋಗುವವರೆಗೆ ಊಟ ಸೇರಲಿಲ್ಲ. ಅಕ್ಷತಾ ಉಳಿಯಲಿ ಎಂದು ನನಗೆ ಆಸೆಯಿತ್ತು. ಆದರೆ ಆ ಆಸೆ ಅವಳಿಗಾಗಿಯೋ, ನಾನು ಹಾಕಿದ ಸಹಿ ಉಳಿಯಲಿ ಎಂದೋ? ಇದನ್ನು ಶಾಂತಾಳಿಗೆ ಹೇಳಿದೆ. "ಅಷ್ಟ ಅನುಮಾನ ಇದ್ರ ಇದ್ದದ್ದ ಇದ್ದಂಗ ಹೇಳಿ ಬರ್ರಿ. ಹೆಚ್ಚಿಗಿ ಒಂದ್ ಮಾತ ಆಡಬ್ಯಾಡ್ರಿ" ಎಂದಳು. ಅಷ್ಟನ್ನೇ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಹೋದೆ.

ಉದ್ದನೆಯ ಮೇಜು. ಅದರ ಹಿಂದೆ ಸಾಲಾಗಿ ಸದಸ್ಯರು. ಎದುರಿಗೆ ಒಂದು ಬದಿಯಲ್ಲಿ ಅಕ್ಷತಾ, ಇನ್ನೊಂದು ಬದಿಯಲ್ಲಿ ಪರಶುರಾಮ. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನು ನನ್ನನ್ನು ನೋಡಿ ನಮಸ್ಕಾರ ಮಾಡಿದ, ಮಾಡಿ ತಾನೇ ಗಲಿಬಿಲಿಯಾದ. ಅಧ್ಯಕ್ಷರು ಸೌಮ್ಯ ಮನುಷ್ಯರು, ಆದರೂ ಅವರ ಮೊದಲ ಪ್ರಶ್ನೆಗೇ ನನಗೆ ಆ ಹಳೆಯ ಪರೀಕ್ಷೆಯ ಮೇಜು ಕಣ್ಣಿಗೆ ಕಟ್ಟಿತು.

"ಎಂ.ಡಿ. ಮಾಡಿದ ಡಾಕ್ಟರು ರೋಗಿ ಕಡೆಯವರಿಗೆ ಗೊತ್ತಿಲ್ಲ ಅಂತಾರೆ. ಏನು ಹೇಳ್ತೀರಿ ಡಾಕ್ಟ್ರೇ?"

ನಾನು ಪರಶುರಾಮನ ಕಡೆ ತಿರುಗಿದೆ. "ತಮ್ಮಾ, ಡಾಕ್ಟರ್ ಬಾಯಾರು ಆಡಿದ ಮಾತ ಯಾವ್ದು? ಅವ್ರು ಅಂದಂಗ ಅನ್ನು."

ಅವನು ಎದ್ದು ನಿಂತು, "ತಿಳೀವಲ್ದು ಅಂದ್ರ್ರಿ" ಎಂದ.

"ಎರಡೂ ಒಂದೇ ಅಲ್ವಾ?" ಎಂದರು ಅಧ್ಯಕ್ಷರು.

"ಅಲ್ಲ ಸರ್" ಎಂದೆ. "ನಮ್ಮ ಕಡೆ ಕೂಸು ಉಣ್ಣವಲ್ದು ಎಂದರೆ ತಾಯಿ ಇನ್ನೂ ತುತ್ತು ಹಿಡಿದು ಕೂತಿದ್ದಾಳೆ ಎಂದರ್ಥ. ಗಾಡಿ ಚಾಲೂ ಆಗವಲ್ದು ಎಂದರೆ ಕಿಕ್ ಹೊಡೆಯುವುದು ನಡೆದೇ ಇದೆ. ಕೈಬಿಟ್ಟವನು ಗೊತ್ತಿಲ್ಲ ಅನ್ನುತ್ತಾನೆ. ಕೈಬಿಡದವನು ತಿಳೀವಲ್ದು ಅನ್ನುತ್ತಾನೆ. ಮರಾಠಿಯವರು ಕಳೇನಾ ಅನ್ನುತ್ತಾರಲ್ಲ, ಹಾಗೆ." ಇಷ್ಟು ಹೇಳಿ, ಅವಳು ಎರಡೂ ಕೈಯ ಬಿ.ಪಿ. ನೋಡಿದ್ದು, ಅಲ್ಲಿಂದ ಹುಟ್ಟಿದ ಅನುಮಾನ, ಬೆಳಗಾವಿಗೆ ಕಳಿಸಿದ್ದರ ಕಾರಣ ಎಲ್ಲವನ್ನೂ ವಿವರಿಸಿದೆ. ಸದಸ್ಯರು ತಲೆಯಾಡಿಸಿದರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಅಧ್ಯಕ್ಷರು ಕನ್ನಡಕ ತೆಗೆದರು. "ಒಂದೇ ಒಂದು ಪ್ರಶ್ನೆ. ಖಾನಾಪುರದಲ್ಲೇ ಆ ಇಂಜೆಕ್ಷನ್ ಕೊಟ್ಟಿದ್ರೆ ಇವರ ತಂದೆ ಉಳೀತಿದ್ರಾ? ಹೌದು ಅಥವಾ ಇಲ್ಲ, ಒಂದು ಹೇಳಿ."

ಇಲ್ಲ ಎಂದುಬಿಟ್ಟಿದ್ದರೆ ಅಕ್ಷತಾ ಅಲ್ಲೇ ಪಾರಾಗುತ್ತಿದ್ದಳು. ನನ್ನನ್ನು ಪ್ರಶ್ನಿಸುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾಲಿಗೆಯ ತುದಿಗೇ ಬಂದಿತ್ತು ಆ ಮಾತು. ಇಷ್ಟು ವರ್ಷ ಮೇಜಿನ ಆ ಬದಿಯಲ್ಲಿ ಕೂತು ಉತ್ತರ ಕೇಳಿದವನು ನಾನು. ಈ ಬದಿಯಲ್ಲಿ ನಿಂತು ಉತ್ತರ ಹೇಳುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಅಕ್ಷತಾ ತಲೆ ತಗ್ಗಿಸಿದ್ದಳು. ಪರಶುರಾಮ ನನ್ನನ್ನೇ ನೋಡುತ್ತಿದ್ದ. ಉತ್ತರ ಬೇಕಾಗಿದ್ದದ್ದು ಅವನಿಗೆ. ಅವನ ಮುಖ ನೋಡಿಕೊಂಡೇ ಹೇಳಿದೆ.

"ತಿಳೀವಲ್ದಪಾ."

ಈ ಸಲ ಯಾರಿಗೂ ಅನುವಾದ ಬೇಕಾಗಲಿಲ್ಲ.

ವಿಚಾರಣೆ ಮುಗಿಸಿ ಹೊರಬಂದಾಗ ಮೆಟ್ಟಿಲ ಬಳಿ ಪರಶುರಾಮ ಕಾಯುತ್ತಿದ್ದ. ಜಗಳಕ್ಕೆ ಬಂದನೇನೋ ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಕೈ ಹಿಸುಕಿಕೊಳ್ಳುತ್ತ ನಿಂತ.

"ಸಾಹೇಬ್ರ, ನೀವೂ ಅದನ್ನ ಅಂದ್ರಿ. ಬಾಯಾರೂ ಅದನ್ನ ಅಂದಿದ್ರು. ಆದ್ರ ನೀವು ನನ್ನ ಮಾರಿ ನೋಡಿ ಅಂದ್ರಿ. ಅವ್ರು ಆ ಇ.ಸಿ.ಜಿ. ಕಾಗದ ನೋಡಿ ಅಂದ್ರು. ನಾ ಬಾಜೂಕ ನಿಂತಿದ್ನಿ, ನಮ್ಮಪ್ಪ ಮಂಚದ ಮ್ಯಾಲೆ ಇದ್ದ. ಒಮ್ಮೆರ ಹೊಳ್ಳಿ ನೋಡಲಿಲ್ರಿ. ನಾವು ಇದ್ದೂ ಇಲ್ಲಧಂಗ." ಅವನ ದನಿ ಒಡೆಯಿತು. "ಇಷ್ಟ ರೀ ನನ್ನ ತಕರಾರ. ಇದನ್ನ ಬರ್ಯಾಕ ಬರಲಿಲ್ಲ. ಅದಕ್ಕ ಬ್ಯಾರೇದ್ದ ಬರದ್ನಿ."

ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಇಲ್ಲ ಎಂದು ತೀರ್ಪು ಬಂತು. ಅಕ್ಷತಾ ಪೇಢೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಆ ಮಾತನ್ನು ಅವಳಿಗೆ ಹೇಳಲೋ ಬೇಡವೋ ಎಂದು ನಾನು ಒಳಗೂ ಹೊರಗೂ ಓಡಾಡಿದೆ. ಗೆದ್ದು ಬಂದವಳ ಕೈಗೆ ಚಹಾ ಕೊಟ್ಟು ಇಂಥ ಮಾತು ಹೇಗೆ ಹೇಳುವುದು? ಕೊನೆಗೆ ಹೇಳಿದೆ. ಅವಳು ಕಪ್ಪು ಕೆಳಗಿಟ್ಟಳು.

"ಮಾರಿ ನೋಡಿದ್ರ ನನಗ ಅಂಜಿಕಿ ಬಂದದ್ದು ಅವ್ರಿಗೆ ಗೊತ್ತಾಗ್ತಿತ್ರಿ ಸರ್. ಅದಕ್ಕ ನೋಡಲಿಲ್ಲ" ಎಂದಳು. ಪೇಢೆಯ ಡಬ್ಬಿ ಬದಿಗೆ ಸರಿಸಿ, "ಪರೀಕ್ಷಾದಾಗೂ ಪೇಶಂಟು ನನ್ನ ಬೆನ್ನ ಹಿಂದ ಇದ್ರಲ್ರಿ" ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅಷ್ಟು ವರ್ಷ ಅಷ್ಟು ಮಂದಿಯನ್ನು ನಾವು ನಿಲ್ಲಿಸಿದ್ದೇ ಹಾಗೆ, ರೋಗಿಗೆ ಬೆನ್ನು, ಮೇಜಿಗೆ ಮುಖ.

"ಸರ್, ಅವರ ಮನಿಗಿ ಹೋಗಿ ಬರಲೇನ್ರಿ?"

ಬೇಡ ಎನ್ನಲು ನನ್ನ ಬಳಿ ನೂರು ಕಾರಣಗಳಿದ್ದವು. ನೆರೆಹೊರೆಯವರು ಸೇರಿ ಗದ್ದಲವಾದರೆ? ತಪ್ಪು ಒಪ್ಪಿಕೊಂಡ ಹಾಗಾದರೆ? ಅವರು ಬಾಗಿಲು ಹಾಕಿದರೆ? ನಾನು ಆ ಕಾರಣಗಳನ್ನು ಒಂದೊಂದಾಗಿ ಹೇಳತೊಡಗಿದಾಗ ಶಾಂತಾ ಅಡುಗೆಮನೆಯಿಂದ ಎದ್ದುಬಂದು ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಅಕ್ಷತಾಳೇ ಕಾರು ಓಡಿಸಿದಳು. ಖಾನಾಪುರದಲ್ಲಿ ಪರಶುರಾಮನ ಮನೆ ಹುಡುಕಿಕೊಂಡು ಹೋಗುವಷ್ಟರಲ್ಲಿ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬಾಗಿಲು ತೆಗೆದವನು ಅವನೇ. ನಮ್ಮನ್ನು ನೋಡಿ ಹಾಗೇ ನಿಂತ. ಅಕ್ಷತಾ ಅವನ ಮುಖ ನೋಡಿದಳು. ಅವಳ ತುಟಿ ನಡುಗುತ್ತಿದ್ದದ್ದು ನನಗೂ ಕಂಡಿತು, ಅವನಿಗೂ ಕಂಡಿತು.

"ನಿಮ್ಮ ಅಪ್ಪಾರಿಗೆ ಏನಾಗಿತ್ತು ಅಂತ ನನಗ ಇವತ್ತಿಗೂ ತಿಳೀವಲ್ದ್ರಿ" ಎಂದಳು. "ಅವತ್ತ ನನಗ ಭಾಳ ಅಂಜಿಕಿ ಆಗಿತ್ತು."

ಪರಶುರಾಮ ಬಾಗಿಲಿನಿಂದ ಸರಿದು ನಿಂತ. "ಬರ್ರಿ ಬಾಯಾರ. ಕುಂದರ್ರಿ" ಎಂದ.

ಒಳಗೆ ಅವನ ತಾಯಿ ಚಾಪೆಯ ಮೇಲೆ ಕೂತಿದ್ದರು. ಪರಶುರಾಮ ನಮಗೂ ಚಾಪೆ ಹಾಸಿದ. ಆಮೇಲೆ ಆ ತಾಯಿಯೇ ಗಂಡನ ಕೊನೆಯ ದಿನದ ಬಗ್ಗೆ ಹೇಳುತ್ತ ಹೋದರು. ಬೆಳಿಗ್ಗೆ ರೊಟ್ಟಿ ತಿಂದದ್ದು, ಬೆನ್ನು ಹಿಡಿದಿದೆ ಎಂದದ್ದು. ಅಕ್ಷತಾ ಕೆಳಗೆ ಕೂತು ಕೇಳಿದಳು, ನಡುವೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಹೇಳುವುದು ಮುಗಿದ ಮೇಲೆ ಆಕೆ ಕಣ್ಣೊರೆಸಿಕೊಂಡು, "ನನಗೂ ಒಂದೊಂದ್ಸಲ ಚಕ್ಕರ್ ಬರತಾವವ್ವಾ" ಎಂದು ಬಲಗೈ ಮುಂದೆ ಚಾಚಿದರು.

ಪರಶುರಾಮ ಹೋಗಿ ಕಾರಿನಿಂದ ಬಿ.ಪಿ. ಯಂತ್ರ ತಂದುಕೊಟ್ಟ. ಅಕ್ಷತಾ ಆ ಕೈಗೆ ಪಟ್ಟಿ ಕಟ್ಟಿ ನೋಡಿದಳು. ಬಿಚ್ಚಿದಳು. ಮುದುಕಿಯ ಮುಖ ನೋಡಿ, "ಆ ಕೈನೂ ಕೊಡ್ರಿ ಅವ್ವಾರ" ಎಂದಳು.

ವಾಪಸು ಬರುವಾಗ ಅವಳು ಏನೋ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ದೇಸೂರು ದಾಟಿದ್ದು ನೆನಪಿದೆ. ಆಮೇಲೆ ಪೀರನವಾಡಿಯಲ್ಲಿ ಕಾರು ನಿಲ್ಲಿಸಿ, "ಸರ್, ನಿದ್ದಿ ಹತ್ತಿತ್ತೇನ್ರಿ?" ಎಂದು ಅವಳು ಎಬ್ಬಿಸಿದಳು.